ಎರಡನೇ ಗೇರಿನಲ್ಲಿ, ನಿಟ್ಟೂರಿನಿಂದ

ದೊಡ್ಡ ಸದ್ದೇನೂ ಆಗಲಿಲ್ಲ.
ಮೂರನೆಯದಕ್ಕೆ ದೂಡಿದೆ.
ಸಂತೆಯಲ್ಲಿ ಎಳೆಬೆಂಡೆಯ ತುದಿ ಮುರಿದು ನೋಡುತ್ತಾರಲ್ಲ,
ಅಷ್ಟೇ, ಚಟ್.
ತಲೆಯ ಕರೀ ಗುಂಡು ಸಮೇತ
ಗೇರ್ ಲಿವರು ನನ್ನ ಕೈಯಲ್ಲಿ.
ಕೆಳಗೆ, ಹರಿದ ರಬ್ಬರಿನೊಳಗೆ,
ಹೆಬ್ಬೆರಳುದ್ದದ ಮೋಟು.
ಜೀಪು ಮಾತ್ರ ಎರಡನೆಯದರಲ್ಲೇ
ಏನೂ ಆಗದವರ ಹಾಗೆ ನಡೆಯುತ್ತಲೇ ಇತ್ತು.

ಹಿಂದೆ, ರಿಪೇರಿಗೆ ಹೊರಟ ಯಾರದೋ ಪಂಪ್‌ಸೆಟ್ಟು.
ಮುಂದೆ, ಹೊಸನಗರ ಇನ್ನೂ ಎಲ್ಲೋ.
ಪಕ್ಕದಲ್ಲಿ ಸಣ್ಣ ಲಿವರುಗಳಿದ್ದವಲ್ಲ,
ಫೋರ್‌ವೀಲಿನದೊಂದು, ಹೈ-ಲೋದ್ದೊಂದು,
ಅಣ್ಣ ಹಾಸಿಗೆ ಹಿಡಿದ ಮನೆಯಲ್ಲಿ
ತಮ್ಮಂದಿರು ಸಂಸಾರ ತೂಗಿಸಿದ ಹಾಗೆ
ಅವೇ ಏರು ಹತ್ತಿಸಿದವು, ಅವೇ ಇಳಿಸಿದವು.
ಹಿಂದಕ್ಕೆ ಹೋಗುವುದೊಂದು ಮಾತ್ರ
ಇನ್ನು ನಮ್ಮ ಕೈಯಲ್ಲಿರಲಿಲ್ಲ.

ಅದು ತಿಳಿದದ್ದು ಕಿರುಸೇತುವೆಯ ಮೇಲೆ,
ಸಂಪೆಕಟ್ಟೆ ಬಸ್ಸು ಎದುರು ಬಂದು
ಮೂಗಿಗೆ ಮೂಗು ತಾಗಿಸಿ ನಿಂತಾಗ.
ಹಾರನ್ನು ಹೊಡೆದ. ನಾನೂ ಹೊಡೆದೆ.
ತಲೆ ಹೊರಗೆ ಹಾಕಿ ನನ್ನ ಹೆತ್ತವರನ್ನು ವಿಚಾರಿಸಿದ.
ಉತ್ತರ ಕೊಡದೆ
ಮುರಿದ ಲಿವರನ್ನು ಎತ್ತಿ ಹಿಡಿದೆ,
ಹಾವು ಹೊಡೆದವರು ಕೋಲಿನಲ್ಲಿ ಎತ್ತಿ ತೋರಿಸುವ ಹಾಗೆ.
ಬಸ್ಸಿಗೆ ಬಸ್ಸೇ ಒಂದು ಗಳಿಗೆ ತೆಪ್ಪಗಾಯಿತು.
ಆಮೇಲೆ ಕಂಡಕ್ಟರ್ ಇಳಿದ,
ನನ್ನ ಕೈ ನೋಡಿ ನಕ್ಕ,
ಹಿಂದೆ ಹೋಗಿ ಸೀಟಿ ಊದಿದ:
ಬರ್ಲಿ, ಬರ್ಲಿ, ಬರ್ಲಿ...
ಅಷ್ಟು ದೊಡ್ಡ ಬಸ್ಸು
ನನ್ನ ಪಾಲಿನ ರಿವರ್ಸನ್ನೂ ತಾನೇ ಹೋಯಿತು.

ಹೊಸನಗರ. ಇನಾಸಣ್ಣನ ಶೆಡ್ಡು.
"ಎಂತ ಮಾರಾಯ್ತಿ, ಕೈಯಲ್ಲೇ ಹಿಡ್ಕಂಡು ಬಂದ್ಯಲ!"
ಟಾಪ್ ಕವರಿನ ಬೋಲ್ಟು ಬಿಚ್ಚಿ
ಮೋಟನ್ನು ಮೇಲೆಳೆದ,
ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿದ,
ಬುಡದ ಗುಂಡು, ಸ್ಪ್ರಿಂಗು, ಎರಡೂ ಗಟ್ಟಿ ಎಂದ.
ಹೋಲ್ಡರಿಗೆ ರಾಡು ಸಿಕ್ಕಿಸುವುದಕ್ಕೂ
ಕರೆಂಟು ಹೋಗುವುದಕ್ಕೂ ಸರಿಹೋಯಿತು.

ಕಾಯುವಾಗ ಅವನ ಕೈ ಸುಮ್ಮನಿರುವುದಿಲ್ಲ.
ಎರಡೂ ತುಂಡು ಜೋಡಿಸಿ ಬಾಗಿಲ ಬೆಳಕಿಗೆ ಹಿಡಿದ.
"ಈ ಬಾಗು ಕಂಪನಿದಲ್ಲ.
ಯಾರೋ ಕಾಸಿ ಬಗ್ಸಿದ್ದಾರೆ, ನೋಡು,
ಡ್ರೈವರ್ ಕಡೆಗೆ ಮೂರು ಬೆರಳು.
ನಡುವೆ ಕೂತವರ ಮೊಣಕಾಲಿಗೆ ತಾಗದಿರಲಿ ಅಂತ.
ಕಾಸಿದಲ್ಲೇ ಕಬ್ಬಿಣ ಸೋತಿದೆ. ಅಲ್ಲೇ ಹೋಗಿದೆ."

ಆರ್‌ಸಿ ಪುಸ್ತಕದಲ್ಲಿ ನನಗಿಂತ ಮುಂಚೆ ನಾಲ್ಕು ಹೆಸರು:
ಒಬ್ಬ ಕಂಟ್ರಾಕ್ಟರು, ಒಂದು ಸೊಸೈಟಿ,
ತಿಮ್ಮೇಗೌಡರ ಮಗ ದ್ಯಾವಪ್ಪ,
ನೀರು ಕುಡಿದು ಓದಲಾಗದ ಇನ್ನೊಬ್ಬ.
ಇವರಲ್ಲಿ ಯಾರು? ಯಾರ ಮೊಣಕಾಲಿಗೆ?
ಒಂಬತ್ತು ವರ್ಷ ಆ ಬಾಗನ್ನು ಹಿಡಿದೇ ಓಡಿಸಿದ್ದೇನೆ,
ಜೀಪೆಂದರೆ ಹಾಗೇ ಇರುತ್ತದೆ ಅಂದುಕೊಂಡು.

"ನೆಟ್ಟಗೆ ಕೂರಿಸ್ಲಾ, ಬಗ್ಸ್ಲಾ?
ನೆಟ್ಟಗಾದ್ರೆ ನಿನ್ನ ಕಾಲಕ್ಕೆ ಸಾಕು.
ಬಗ್ಸಿದ್ರೆ ಗ್ಯಾರಂಟಿ ಕೇಳ್ಬೇಡ."

ನೆಟ್ಟಗೆ, ಅಂದೆ.
ಕರೆಂಟು ಬಂತು. ಕಣ್ಣು ಮುಚ್ಚು ಅಂದ.
ಮುಚ್ಚಿದ ರೆಪ್ಪೆಯೊಳಗೂ ನೀಲಿ.

ವಾಪಸ್ಸು ಬರುವಾಗ, ನಗರ ದಾಟಿದ ಮೇಲೆ,
ಕೈ ಅಡ್ಡ ಹಾಕಿ ಹತ್ತಿದರು
ಸೇಸಜ್ಜಿ, ಅವಳ ಮೊಮ್ಮಗ, ಚೀಲದಲ್ಲೊಂದು ಹುಂಜ.
ಅಜ್ಜಿ ನಡುವೆ. ಅವಳ ಮೊಣಕಾಲು
ಸರಿಯಾಗಿ ಎರಡನೇ ಗೇರಿನ ಜಾಗದಲ್ಲಿ.
ನನ್ನ ಕೈ ಮೂರು ಬೆರಳು ಈಚೆಯೇ ಇಳಿದು
ಗಾಳಿ ಹಿಡಿಯಿತು.

ಬಾಗು ಮಾಡುತ್ತಿದ್ದ ಕೆಲಸ
ಇನ್ನು ಬಾಯಿ ಮಾಡಬೇಕು.
ಏರು ಬಂದಾಗಲೆಲ್ಲ, ಅಜ್ಜೀ, ಒಂಚೂರು ಕಾಲು.
ಅವಳು ಪ್ರತಿ ಸಲ ಮೊದಲು ಹುಂಜವನ್ನು ಗದರಿಸಿ
ಆಮೇಲೆ ಮೊಣಕಾಲು ಸರಿಸುವಳು.
ನಾಲ್ಕನೇ ತಿರುವಿನಲ್ಲಿ ಕೇಳುವ ಮುಂಚೆಯೇ ಸರಿಸಿದಳು.
ನಾನಿನ್ನೂ ಮೂರರಲ್ಲೇ ಇದ್ದೆ.
ಎಂಜಿನ್ನಿನ ದನಿ ಕುಗ್ಗಿದ್ದು
ನನಗಿಂತ ಮೊದಲು ಅವಳಿಗೆ ಕೇಳಿಸಿತ್ತು.